ಬೇಡರು ಯಾರು? ಅದ್ದಂಕಿ ಶಾಸನದಿಂದ ಗದ್ವಾಲದ ಜಾತಿ ಸರ್ಟಿಫಿಕೇಟಿನ ತನಕ

ವೀಕೆಂಡ್‌ನಲ್ಲಿ ಗಚ್ಚಿಬೌಲಿಯ ಟ್ರಾಫಿಕ್ ದಾಟಿ ಕನ್ನಡದಲ್ಲಿ ಇತಿಹಾಸ ಕೇಳೋಕೆ ಬಂದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ನಾನು ಇತಿಹಾಸದ ಪ್ರೊಫೆಸರ್ ಅಲ್ಲ. ಎಂಟೆಕ್ ಮಾಡಿ, ಇದೇ ಊರಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ನಮ್ಮೂರು ಸುರಪುರ ತಾಲೂಕು, ಯಾದಗಿರಿ ಜಿಲ್ಲೆ. ಜಾತಿಯಿಂದ ನಾಯಕ. ಅಂದ್ರೆ ಬೇಡ. ಇವತ್ತಿನ ವಿಷಯ ನಮ್ಮ ಮನೆಯದೇ.

ಹೈದರಾಬಾದಿನಲ್ಲಿ ನನ್ನ ಅಡ್ಡಹೆಸರು ನೋಡಿದ ಕೂಡಲೇ ಇಲ್ಲಿಯವರು "ಲಂಬಾಡಾನಾ?" ಅಂತ ಕೇಳ್ತಾರೆ. ತಪ್ಪೇನಿಲ್ಲ, ತೆಲಂಗಾಣದಲ್ಲಿ ನಾಯಕ್ ಅಂದ್ರೆ ಹೆಚ್ಚಾಗಿ ಲಂಬಾಣಿಗಳೇ. ಉತ್ತರ ಕನ್ನಡದ ಗೆಳೆಯರು "ನೀವು ಅಂಕೋಲಾ ಕಡೆಯವರಾ?" ಅಂತಾರೆ. ಒಂದು ಹೆಸರು ಮೂರು ಸಮುದಾಯಕ್ಕೆ ಅಂಟಿಕೊಂಡಿದೆ. ಇದರ ಉಲ್ಟಾನೂ ಇದೆ. ಒಂದೇ ಸಮುದಾಯಕ್ಕೆ ಬೇಡ, ಬೇಡರ್, ಬೋಯ, ಬೇರಡ್, ನಾಯಕ, ತಳವಾರ, ವಾಲ್ಮೀಕಿ ಅಂತ ಏಳು ಹೆಸರು. ಬೀದರ್ ಊರಿಗೂ ಬೇಡರ್ ಜನಕ್ಕೂ ಸಂಬಂಧ ಇಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ, ಯಾಕಂದ್ರೆ ಪ್ರತಿಸಲ ಯಾರಾದರೂ ಕೇಳ್ತಾರೆ.

ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಒಂದೇ ಮಾತು. ಒಂದು ಬುಡಕಟ್ಟು ಅಂದ್ರೆ ಏನು ಅನ್ನೋದನ್ನ ಅವರ ರಕ್ತ ತೀರ್ಮಾನ ಮಾಡಿಲ್ಲ. ಅವರನ್ನ ಪಟ್ಟಿ ಮಾಡಿದವರು ತೀರ್ಮಾನ ಮಾಡಿದ್ದಾರೆ. ಪಟ್ಟಿ ಬದಲಾದಾಗೆಲ್ಲ ಜನರ ಬದುಕು ಬದಲಾಗಿದೆ. ಇದನ್ನ ಸಾವಿರದ ಇನ್ನೂರು ವರ್ಷದ ಕಥೆಯಲ್ಲಿ ತೋರಿಸ್ತೀನಿ.

ಹೆಸರು ಎಲ್ಲಿಂದ ಬಂತು

ಬೇಡ ಅಂದ್ರೆ ಬೇಟೆಯವನು. ಕನ್ನಡದಲ್ಲಿ ಬೇಡ, ತಮಿಳಿನಲ್ಲಿ ವೇಡನ್, ತೆಲುಗಿನಲ್ಲಿ ಬೋಯ. ಮೂರೂ ಕಡೆ ಪರಿಚಯ ಇರೋ ಬೇಡ ಒಬ್ಬನೇ: ಕಾಳಹಸ್ತಿಯ ಶಿವನಿಗೆ ಕಣ್ಣು ಕಿತ್ತುಕೊಟ್ಟ ಕಣ್ಣಪ್ಪ. ಹರಿಹರ ಕವಿ ಇವನ ಮೇಲೆ ಒಂದು ರಗಳೆಯನ್ನೇ ಬರೆದ. ನಮಗೆ ಹತ್ತಿರದ್ದು 1954ರ 'ಬೇಡರ ಕಣ್ಣಪ್ಪ', ರಾಜಕುಮಾರ್ ನಾಯಕನಾಗಿ ಬಂದ ಮೊದಲ ಸಿನಿಮಾ. ಅದೇ ಕಥೆ ಅದೇ ವರ್ಷ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಅಂತ ಬಂತು, ಅದರಲ್ಲೂ ರಾಜಕುಮಾರೇ. ಅಣ್ಣಾವ್ರು ತೆಲುಗಿನಲ್ಲಿ ಮಾಡಿದ್ದು ಬೇಡನ ಪಾತ್ರ ಅನ್ನೋದನ್ನ ಇಲ್ಲಿನ ಕೊಲೀಗ್‌ಗಳಿಗೆ ಹೇಳಿ ನೋಡಿ, ಮಾತು ಶುರುವಾಗ್ತದೆ.

ಸಿನಿಮಾ, ಪುರಾಣ ಬಿಟ್ಟು ಕಲ್ಲಿನ ಸಾಕ್ಷಿಗೆ ಬರೋಣ. ಆಂಧ್ರದ ಅದ್ದಂಕಿಯಲ್ಲಿ ಸಿಕ್ಕ ಶಾಸನ ಕ್ರಿ.ಶ. 848ರದ್ದು ಅಂತ ಲೆಕ್ಕ. ತೆಲುಗಿನ ಮೊಟ್ಟಮೊದಲ ಪದ್ಯಶಾಸನಗಳಲ್ಲಿ ಒಂದು. ಪೂರ್ವ ಚಾಲುಕ್ಯರ ಸೇನಾಪತಿ ಪಂಡರಂಗ ಹನ್ನೆರಡು ಬೋಯ ಕೊಟ್ಟಗಳನ್ನ ಗೆದ್ದ ಅಂತ ಅದರಲ್ಲಿದೆ. ಕೊಟ್ಟ ಅಂದ್ರೆ ನೆಲೆ, ಸಣ್ಣ ಕೋಟೆಯ ನಾಡು ಅಂದುಕೊಳ್ಳಿ. ಅಂದ್ರೆ ಒಂಬತ್ತನೇ ಶತಮಾನದಲ್ಲೇ ಬೋಯರು ಅನ್ನುವವರಿಗೆ ತಮ್ಮದೇ ನೆಲ ಇತ್ತು, ಆ ನೆಲವನ್ನ ಗೆಲ್ಲೋಕೆ ರಾಜ್ಯ ಸೈನ್ಯ ಕಳಿಸಬೇಕಿತ್ತು, ಗೆದ್ದಿದ್ದನ್ನ ಪದ್ಯ ಕಟ್ಟಿಸಿ ಹೇಳಿಕೊಳ್ಳುವಷ್ಟು ಅದು ದೊಡ್ಡ ಸುದ್ದಿಯಾಗಿತ್ತು.

ಇಲ್ಲಿ ಒಂದು ತಮಾಷೆ ಇದೆ. ಪೂರ್ವ ಚಾಲುಕ್ಯರ ಕೆಲವು ತಾಮ್ರಪಟಗಳಲ್ಲಿ ಭೂಮಿ ದಾನ ಪಡೆದ ಬ್ರಾಹ್ಮಣರ ಹೆಸರಿನ ಕೊನೆಗೂ 'ಬೋಯ' ಅಂತ ಬರ್ತದೆ. ಅಲ್ಲಿ ಅದಕ್ಕೆ ಇಂತಹ ಊರಿನವನು ಅನ್ನೋ ಅರ್ಥ ಅಂತ ವಿದ್ವಾಂಸರು ಹೇಳ್ತಾರೆ. ಹಾಗಾದ್ರೆ ಬೋಯ ಅನ್ನೋದು ಆವಾಗ ಜಾತಿಯೋ, ಊರಿನ ಗುರುತೋ, ಕಸುಬೋ? ಸಂದರ್ಭಕ್ಕೆ ತಕ್ಕ ಹಾಗೆ ಮೂರೂ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಅದು ಇನ್ನೂ ಪ್ರೈಮರಿ ಕೀ ಆಗಿರಲಿಲ್ಲ.

ನಮ್ಮ ಮೂಲ ಯಾವುದು ಅಂತ ಸಮುದಾಯದ ಸಭೆಗಳಲ್ಲಿ ಕೇಳಿದರೆ ವಾಲ್ಮೀಕಿ ಮಹರ್ಷಿ ಅಂತಾರೆ. ಸುರಪುರದ ಅರಸು ಮನೆತನ ಗೋಸಲ ವಂಶ ಅಂತ ಹೇಳಿಕೊಳ್ಳುತ್ತದೆ. ಚಿತ್ರದುರ್ಗದ ನಾಯಕರು ಕಾಮಗೇತಿ ವಂಶ. ಒಳಗಡೆ ನೂರಾರು ಬೆಡಗುಗಳಿವೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರಲ್ಲಿ ಮದುವೆ ಇಲ್ಲ. ಚಿತ್ರದುರ್ಗ, ಬಳ್ಳಾರಿ ಕಡೆ ಊರಬೇಡ, ಮ್ಯಾಸಬೇಡ ಅಂತ ದೊಡ್ಡ ಭಾಗ ಬೇರೆ. ಮ್ಯಾಸಬೇಡರು ಅಡವಿ ಅಂಚಿನ ಹಟ್ಟಿಗಳಲ್ಲಿ ದನ ಕಾಯುತ್ತ ಬದುಕಿದವರು. ದೇವರ ಎತ್ತು ಸಾಕ್ತಾರೆ. ಕೋಳಿ ಮುಟ್ಟಲ್ಲ, ಹೆಂಡ ಮುಟ್ಟಲ್ಲ. ಬೇಡ ಅಂದ್ರೆ ಕೋಳಿ ಕೊಯ್ದು ಹೆಂಡ ಕುಡಿಯುವವನು ಅಂತ ಸಿನಿಮಾ ನೋಡಿ ಕಲಿತವರಿಗೆ ಇದು ಆಶ್ಚರ್ಯ ಆಗಬಹುದು.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಯುರೋಪಿನ ಅಲ್ಬೇನಿಯಾದ ಬೆಟ್ಟಗಳಲ್ಲಿ 'ಫಿಸ್' ಅಂತ ಕುಲಗಳಿವೆ. ನಮ್ಮ ಬೆಡಗಿನ ಹಾಗೇ. ಒಬ್ಬ ಮೂಲಪುರುಷ, ಅವನ ಮಕ್ಕಳ ಸಂತಾನ, ಒಳಗೊಳಗೆ ಮದುವೆ ಇಲ್ಲ. ಆದ್ರೆ ಹುಡುಕಿದಷ್ಟೂ ಆ ಕುಲಗಳ ಒಳಗೆ ಬೇರೆ ಬೇರೆ ಕಡೆಯಿಂದ ಬಂದು ಸೇರಿಕೊಂಡ ಮನೆತನಗಳು ಸಿಗ್ತವೆ. ಒಬ್ಬನೇ ಅಜ್ಜ ಅನ್ನೋದು ಜೊತೆಯಾಗಿ ಬದುಕೋಕೆ, ಜೊತೆಯಾಗಿ ಕಾದಾಡೋಕೆ ಮಾಡಿಕೊಂಡ ಒಪ್ಪಂದ. ಬೇಡರದ್ದೂ ಅದೇ ಅಂತ ನನ್ನ ತಿಳುವಳಿಕೆ. ಬೇಟೆ ಗೊತ್ತಿದ್ದವರು, ಬಿಲ್ಲು ಆಮೇಲೆ ಬಂದೂಕು ಹಿಡಿಯೋಕೆ ಬರ್ತಿದ್ದವರು, ಊರು ಕಾಯುವ ತಳವಾರಿಕೆ ಮಾಡಿದವರು ಶತಮಾನಗಳ ಉದ್ದಕ್ಕೂ ಸೇರಿಕೊಂಡು ಒಂದು ಜನ ಆದರು.

ಚಕ್ರವರ್ತಿಯ ಕೊನೆಯ ಮುತ್ತಿಗೆ

ಈಗ ಸುರಪುರಕ್ಕೆ ಬರೋಣ. ಕೃಷ್ಣಾ, ಭೀಮಾ ನದಿಗಳ ನಡುವಿನ ಬೆಟ್ಟದ ನಾಡು. ಹೈದರಾಬಾದಿನಿಂದ ಕಾರಲ್ಲಿ ಐದಾರು ಗಂಟೆ. ಹದಿನೇಳನೇ ಶತಮಾನದಲ್ಲಿ ಇಲ್ಲಿನ ಬೇಡರ ರಾಜಧಾನಿ ಸಾಗರ, ಇವತ್ತು ಶಹಾಪುರ ಹತ್ತಿರದ ಊರು. ಬಿಜಾಪುರದ ಆದಿಲ್‌ಶಾಹಿ 1686ರಲ್ಲಿ ಬಿತ್ತು. 1687ರಲ್ಲಿ ನಮ್ಮ ಗೋಲ್ಕೊಂಡ ಬಿತ್ತು. ಅದೇ ವರ್ಷ ಔರಂಗಜೇಬನ ಸೈನ್ಯ ಸಾಗರಕ್ಕೆ ಬಂತು. ದೊರೆ ಪಾಮ ನಾಯಕ ಶರಣಾದ, ಸ್ವಲ್ಪ ದಿನದಲ್ಲೇ ತೀರಿಕೊಂಡ. ಸಾಗರಕ್ಕೆ ನುಸ್ರತಾಬಾದ್ ಅಂತ ಹೊಸ ಹೆಸರು ಇಟ್ಟರು. ನೋಡಿ, ಮೊದಲ ಕೆಲಸವೇ ಹೆಸರು ಬದಲಿಸೋದು.

ಆದ್ರೆ ಪಾಮ ನಾಯಕನ ಅಣ್ಣತಮ್ಮನ ಮಗ, ದತ್ತುಪುತ್ರ ಪಿಡ್ಡ ನಾಯಕ ಸುಮ್ಮನಿರಲಿಲ್ಲ. ಸಾಗರ ಹೋದ್ರೆ ಹೋಗಲಿ ಅಂತ ವಾಗಣಗೇರಿಯಲ್ಲಿ ಕೋಟೆ ಗಟ್ಟಿ ಮಾಡಿಕೊಂಡ. ಸುರಪುರದ ಪಕ್ಕದಲ್ಲೇ ಇದೆ, ಹೋಗಿ ನೋಡಬಹುದು. ಕರ್ನಾಟಕದ ಈ ಕಾಲಾಳು ಬಂದೂಕುಗಾರರಿಗೆ ಮೊಘಲರ ದಾಖಲೆಗಳಲ್ಲಿ 'ಕಾಲಾ ಪ್ಯಾದಾ' ಅನ್ನೋ ಹೆಸರು. ಗುರಿ ತಪ್ಪದ ಬಂದೂಕುಗಾರರು ಅಂತ ಶತ್ರುಗಳೇ ಒಪ್ಪಿಕೊಂಡಿದ್ದರು. ಬೇಟೆಯ ಕಣ್ಣು ಯುದ್ಧಕ್ಕೆ ಉಪಯೋಗ ಆಯ್ತು.

1705ರ ಫೆಬ್ರವರಿಯಲ್ಲಿ ಔರಂಗಜೇಬ ಖುದ್ದು ವಾಗಣಗೇರಿಗೆ ಬಂದ. ವಯಸ್ಸು ಎಂಬತ್ತಾರು. ಕಾಬೂಲಿನಿಂದ ಜಿಂಜಿ ತನಕ ಆಳ್ತಿದ್ದ ಚಕ್ರವರ್ತಿ, ಎದುರಿಗೆ ಒಂದು ಸಣ್ಣ ಬೆಟ್ಟದ ಕೋಟೆ. ಮೊಘಲರು ಒಂದು ಕೆಂಪು ಗುಡ್ಡ ಹಿಡಿದರು, ಬೇಡರು ಅದನ್ನ ವಾಪಸ್ ಕಿತ್ತುಕೊಂಡರು. ಮರಾಠರ ಧನಾಜಿ ಜಾಧವ್ ಸಹಾಯಕ್ಕೆ ಬಂದ, ಯಾಕಂದ್ರೆ ಮರಾಠಾ ಸರದಾರರ ಕೆಲವು ಕುಟುಂಬಗಳು ಇದೇ ಕೋಟೆಯ ಒಳಗೆ ಆಶ್ರಯ ಪಡೆದಿದ್ದವು. ಅವರನ್ನ ಮೊದಲು ಸುರಕ್ಷಿತವಾಗಿ ಹೊರಗೆ ದಾಟಿಸಿದರು. ಇನ್ನೊಂದು ಕಡೆ ಪಿಡ್ಡ ನಾಯಕ ಸಂಧಿ ಮಾತು ಆಡ್ತಾ, ತಮ್ಮನನ್ನ ಚಕ್ರವರ್ತಿಯ ಬಿಡಾರಕ್ಕೆ ಕಳಿಸಿ ಟೈಮ್ ತಗೊಂಡ. ಶರಣಾಗ್ತಾನೆ ಅಂತ ಬಿಡಾರದಲ್ಲಿ ಸಂಭ್ರಮ ಶುರುವಾಯ್ತು. ಅವನು ಬರಲಿಲ್ಲ.

ಕೊನೆಗೆ ಔರಂಗಜೇಬ ತನ್ನ ಅತ್ಯುತ್ತಮ ಸೇನಾಪತಿ ಜುಲ್ಫಿಕರ್ ಖಾನನನ್ನ ಕರೆಸಬೇಕಾಯ್ತು. ಬಾವಿಗಳು ಕೈಬಿಟ್ಟವು, ಕಾಪಾಡೋಕೆ ಆಗಲ್ಲ ಅಂತ ಗೊತ್ತಾದ ಏಪ್ರಿಲ್ 27ರ ರಾತ್ರಿ ಪಿಡ್ಡ ನಾಯಕ ಹಿಂಬಾಗಿಲಿಂದ ಜನರ ಸಮೇತ ಹೊರಟುಹೋದ. ಮೊಘಲರಿಗೆ ಸಿಕ್ಕಿದ್ದು ಉರಿಯುತ್ತಿದ್ದ ಖಾಲಿ ಕೋಟೆ. ಚಕ್ರವರ್ತಿ ಪಕ್ಕದ ದೇವಾಪುರದಲ್ಲಿ ಬಿಡಾರ ಹಾಕಿದ, ಅಲ್ಲೇ ಜೋರು ಕಾಯಿಲೆ ಬಿದ್ದ. ಅಕ್ಟೋಬರಿನಲ್ಲಿ ಅಹಮದ್‌ನಗರದ ಕಡೆ ಹೊರಟ, 1707ರಲ್ಲಿ ಅಲ್ಲೇ ತೀರಿಕೊಂಡ. ವಾಗಣಗೇರಿ ಅವನು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ.

ಅಲ್ಬೇನಿಯಾದಲ್ಲಿ 1450ರಲ್ಲಿ ಹೆಚ್ಚುಕಡಿಮೆ ಇದೇ ಕಥೆ. ಒಟ್ಟೋಮನ್ ಸುಲ್ತಾನ ಎರಡನೇ ಮುರಾದ್ ತಾನೇ ಬಂದು ಸ್ಕಂದರ್‌ಬೇಗ್‌ನ ಕ್ರುಯಾ ಕೋಟೆಗೆ ಮುತ್ತಿಗೆ ಹಾಕಿದ, ಗೆಲ್ಲದೆ ವಾಪಸ್ ಹೋದ, ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡ. ವ್ಯತ್ಯಾಸ ಏನಂದ್ರೆ ಅಲ್ಬೇನಿಯಾದ ಧ್ವಜದಲ್ಲಿ ಇವತ್ತಿಗೂ ಸ್ಕಂದರ್‌ಬೇಗ್‌ನ ಎರಡು ತಲೆಯ ಹದ್ದು ಇದೆ. ವಾಗಣಗೇರಿ ಎಲ್ಲಿದೆ ಅಂತ ಸುರಪುರ ದಾಟಿದ್ರೆ ಕರ್ನಾಟಕದವರಿಗೇ ಗೊತ್ತಿಲ್ಲ.

ಟೇಲರ್ ಸಾಹೇಬ ಮತ್ತು ಹೈದರಾಬಾದ್ ಬಜಾರು

ಮೊಘಲರ ಬಿಡಾರ ಎದ್ದ ಮೇಲೆ ಅದೇ ವಂಶ ಅದೇ ಬೆಟ್ಟಗಳಲ್ಲಿ ಸುರಪುರವನ್ನ ರಾಜಧಾನಿ ಮಾಡಿಕೊಂಡು ಇನ್ನೂ ಒಂದೂವರೆ ಶತಮಾನ ಆಳಿತು. ವೇಣುಗೋಪಾಲಸ್ವಾಮಿ ಗುಡಿ ಆ ಮನೆತನದ್ದೇ. ಬಂಗಾರದ ಬಣ್ಣ ಹಚ್ಚುವ ಸುರಪುರ ಚಿತ್ರಕಲೆ ಬೆಳೆದದ್ದು ಅವರ ಆಶ್ರಯದಲ್ಲೇ. ಅಡವಿ ಜನ ಅಂತ ಕರೆಸಿಕೊಂಡವರ ಆಸ್ಥಾನದಲ್ಲಿ ವೈಷ್ಣವ ಪಂಡಿತರಿದ್ದರು, ಚಿತ್ರಕಾರರಿದ್ದರು.

ಆಮೇಲೆ ಕಂಪನಿ ಬಂತು. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಏಳೆಂಟು ವರ್ಷದ ಹುಡುಗ. ತಾಯಿ ರಾಣಿ ಈಶ್ವರಮ್ಮ. ಆಡಳಿತ ನೋಡೋಕೆ ಪೊಲಿಟಿಕಲ್ ಏಜೆಂಟ್ ಆಗಿ ಬಂದವನು ಫಿಲಿಪ್ ಮೆಡೋಸ್ ಟೇಲರ್, ನಿಜಾಮನ ಸೈನ್ಯದಲ್ಲಿದ್ದ ಇಂಗ್ಲಿಷ್ ಅಧಿಕಾರಿ. ಠಗ್ಗರ ಮೇಲೆ 1839ರಲ್ಲಿ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರು ಮಾಡಿದ್ದ. 1853ರ ತನಕ ಸುರಪುರದಲ್ಲಿದ್ದ. ರಸ್ತೆ, ಕೆರೆ ಮಾಡಿಸಿದ, ರಾಜನಕೋಳೂರಿನ ಬೃಹತ್ ಶಿಲಾಯುಗದ ಕಲ್ಲುಗೋರಿಗಳ ಬಗ್ಗೆ ಬರೆದ. ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಬೆಟ್ಟದ ಮೇಲೆ ಇವತ್ತಿಗೂ ಇದೆ. ಹುಡುಗ ದೊರೆ ಅವನನ್ನ 'ಅಪ್ಪಾ' ಅಂತ ಕರೀತಿದ್ದ.

ಇದೇ ಟೇಲರ್ ತನ್ನ ಆತ್ಮಕಥೆಯಲ್ಲಿ ಒಂದು ಗುಟ್ಟು ಬರೆದಿದ್ದಾನೆ. ಹುಡುಗನ ಜಾತಕದಲ್ಲಿ ಇಪ್ಪತ್ನಾಲ್ಕನೇ ವರ್ಷದಲ್ಲಿ ಮರಣ ಅಂತ ಇತ್ತಂತೆ. ಆ ಮಾತು ತಿಳಿದಿದ್ದವರು ನಾಲ್ಕೈದು ಜನ ಮಾತ್ರ.

1857 ಬಂತು. ನವೆಂಬರ್ ಕೊನೆಯಲ್ಲಿ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಕಂಪನಿಯವರು ಹತ್ಯಾರ ಒಪ್ಪಿಸಿ ಅಂದ್ರು. ಬೇಡರು ಕೊಡಲ್ಲ ಅಂದ್ರು. ಊರಿಗೆ ಬೆಂಕಿ ಹಚ್ಚಿದರು, ಡಿಸೆಂಬರಿನಲ್ಲಿ 19 ಜನರನ್ನ ಗಲ್ಲಿಗೆ ಹಾಕಿದರು. ಕೆಲವರನ್ನ ಮುಧೋಳದಲ್ಲಿ, ಕೆಲವರನ್ನ ಹಲಗಲಿಯಲ್ಲಿ. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಆ ಲಾವಣಿ ಓದಿದವರು ಇಲ್ಲಿ ಇದ್ದೇ ಇರ್ತೀರಿ. ಅದನ್ನ ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಶಾಸನತಜ್ಞ ಜೆ.ಎಫ್. ಫ್ಲೀಟ್, ಅವನೂ ಬ್ರಿಟಿಷ್ ಅಧಿಕಾರಿಯೇ. ಹತ್ಯಾರ ಅಂದ್ರೆ ಬರೀ ಕಬ್ಬಿಣ ಅಲ್ಲ ಅನ್ನೋದನ್ನ ನಾವು ಗಮನಿಸಬೇಕು. ಬೇಡನಿಗೆ ಅದು ಕಸುಬು, ಅದಕ್ಕೆ ಪ್ರತಿಯಾಗಿ ಸಿಕ್ಕ ಇನಾಂ ಹೊಲ, ಊರಲ್ಲಿ ಇದ್ದ ಗೌರವ. ಅದನ್ನ ಕಿತ್ತುಕೊಂಡರೆ ಅವನು ಏನೂ ಅಲ್ಲ.

1858ರ ಫೆಬ್ರವರಿಯಲ್ಲಿ ಸುರಪುರದಲ್ಲೂ ಕಾಳಗ ಆಯ್ತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಸೋಲು ಖಚಿತ ಅಂತ ಗೊತ್ತಾದಾಗ ಯುವ ದೊರೆ ಕೆಲವೇ ಸವಾರರ ಜೊತೆ ಓಡಿಬಂದದ್ದು ಎಲ್ಲಿಗೆ ಗೊತ್ತಾ? ಇದೇ ಹೈದರಾಬಾದಿಗೆ. ನಿಜಾಮನ ಆಸರೆ ಸಿಗಬಹುದು ಅಂತ ಆಸೆ. ಬಜಾರಿನಲ್ಲಿ ಅಲೆಯುತ್ತಿದ್ದವನನ್ನ ಹಿಡಿದರು, ದಿವಾನ ಸಾಲಾರ್ ಜಂಗ್ ಅವನನ್ನ ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದ. ಆ ರೆಸಿಡೆನ್ಸಿ ಅಂದ್ರೆ ಕೋಟಿ ವುಮೆನ್ಸ್ ಕಾಲೇಜಿನ ಬಿಳಿ ಕಂಬಗಳ ಕಟ್ಟಡ. ಸಾಲಾರ್ ಜಂಗ್ ಹೆಸರಿನ ಮ್ಯೂಸಿಯಂಗೆ ಊರಿಂದ ಬಂದ ನೆಂಟರನ್ನ ಕರ್ಕೊಂಡು ನಾವೆಲ್ಲ ಹೋಗಿದ್ದೀವಿ. ಮೊಮ್ಮಗ ಮೂರನೇ ಸಾಲಾರ್ ಜಂಗ್ ಕೂಡಿಸಿದ ವಸ್ತುಗಳು ಅವು. ಆ ಮನೆತನದ ಅಜ್ಜನ ಕೈಯಲ್ಲಿ ನಮ್ಮ ದೊರೆಯ ಹಣೆಬರಹ ಇತ್ತು.

ವಿಚಾರಣೆ ಸಿಕಂದರಾಬಾದ್ ಕಡೆ ನಡೀತು. ಟೇಲರ್ ಬಂದು ಬಂಧನದಲ್ಲಿ ಅವನನ್ನ ನೋಡಿದ. ನನ್ನನ್ನ ದರೋಡೆಕೋರನ ಹಾಗೆ ನೇಣು ಹಾಕೋದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ಜೈಲನ್ನ ಸಾಮಾನ್ಯ ಬೇಡನೂ ತಾಳಲ್ಲ, ದೊರೆ ನಾನು ಹೇಗೆ ತಾಳಲಿ ಅನ್ನೋ ಅರ್ಥದ ಮಾತು ದೊರೆ ಆಡಿದ್ದನ್ನ ಟೇಲರ್ ದಾಖಲಿಸಿದ್ದಾನೆ. ಮರಣದಂಡನೆ ಆಯ್ತು, ಅದು ಗಡೀಪಾರಿಗೆ ಇಳೀತು, ಕೊನೆಗೆ ಗವರ್ನರ್ ಜನರಲ್ ಅದನ್ನ ಮದ್ರಾಸ್ ಹತ್ತಿರ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದ. ಕರ್ಕೊಂಡು ಹೋಗುವ ದಾರಿಯಲ್ಲಿ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ದೊರೆ ಸತ್ತ. ತಾನೇ ಹೊಡೆದುಕೊಂಡ ಅನ್ನೋದು ಟೇಲರ್ ಕಡೆಯ ಕಥೆ. ಸುರಪುರದಲ್ಲಿ ಅದನ್ನ ಕೊಲೆ ಅಂತಾರೆ. ವಯಸ್ಸು ಇಪ್ಪತ್ನಾಲ್ಕನೇ ವರ್ಷ ನಡೀತಿತ್ತು.

1860ರಲ್ಲಿ ಬ್ರಿಟಿಷರು ಸುರಪುರವನ್ನ ನಿಜಾಮನಿಗೆ ಕೊಟ್ಟುಬಿಟ್ಟರು. ದಂಗೆಯಲ್ಲಿ ತಮ್ಮ ಜೊತೆ ನಿಂತಿದ್ದಕ್ಕೆ ಬಹುಮಾನ. ಅಲ್ಲಿಗೆ ನಾವು ಹೈದರಾಬಾದಿನವರಾದೆವು. ನಾವು ಕೆಲಸ ಹುಡುಕಿ ಈ ಊರಿಗೆ ಬಂದ ಮೊದಲ ತಲೆಮಾರು ಅಂತ ಅಂದುಕೊಳ್ತೀವಿ. ನಮ್ಮ ಮುತ್ತಜ್ಜಂದಿರ ಕಂದಾಯದ ಲೆಕ್ಕ ಸುಮಾರು ತೊಂಬತ್ತು ವರ್ಷ ಇದೇ ಊರಿಗೆ ಬರ್ತಿತ್ತು.

ಮೂರು ರಾಜ್ಯ, ಮೂರು ಪಟ್ಟಿ

ಇನ್ನು ಮುಂದಿನದು ಕಥೆ ಅಲ್ಲ, ನಮ್ಮ ಮನೆಯ ಫೈಲು. ದಯವಿಟ್ಟು ಇದನ್ನ ಗಮನ ಕೊಟ್ಟು ಕೇಳಿ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯ್ತು. ಗುಲ್ಬರ್ಗಾ, ರಾಯಚೂರು, ಬೀದರ್ ಮೈಸೂರಿಗೆ. ಆದ್ರೆ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಕೂಡ. ಭಾಷೆ ನೋಡಿ ಗೆರೆ ಎಳೆದರು. ಆದ್ರೆ ಬೇಡರಿಗೆ ಆ ಗೆರೆಯ ಎರಡೂ ಕಡೆ ಮಾವ, ಅತ್ತೆ, ಬೀಗರು. ರಾಯಚೂರಿನ ಕಡೆ ಮನೆಯಲ್ಲೇ ತೆಲುಗು ಆಡುವ ಬೇಡರಿದ್ದಾರೆ, ಗದ್ವಾಲದಲ್ಲಿ ಕನ್ನಡ ಆಡುವ ಬೋಯರಿದ್ದಾರೆ.

1991ರಲ್ಲಿ ಸಂಸತ್ತು ಕಾನೂನು ತಿದ್ದಿ ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನಾಯಕ, ನಾಯಕ್ ಜೊತೆ ಬೇಡ, ಬೇಡರ್, ವಾಲ್ಮೀಕಿ ಅಂತ ಸ್ಪಷ್ಟವಾಗಿ ಸೇರಿಸಿತು. ತಳವಾರ, ಪರಿವಾರ ಸೇರೋಕೆ 2020 ಬರಬೇಕಾಯ್ತು. ನಮ್ಮಪ್ಪನ ತಲೆಮಾರಿಗೆ ಸಿಗದ ಸೀಟು ನನಗೆ ಸಿಕ್ಕಿತು. ನನ್ನ ಎಂಟೆಕ್ ಆ ಒಂದು ಸಾಲಿನ ಮೇಲೆ ನಿಂತಿದೆ, ಅದನ್ನ ಮುಚ್ಚಿಡೋಕೆ ನನಗೆ ಕಾರಣ ಕಾಣಲ್ಲ.

ನಮ್ಮ ಸೋದರತ್ತೆಯನ್ನ ಕೊಟ್ಟಿದ್ದು ಗದ್ವಾಲ ಕಡೆಯ ಹಳ್ಳಿಗೆ. ಅವರ ಮಕ್ಕಳು, ಅಂದ್ರೆ ನಮ್ಮದೇ ಜಾತಿಯ ಬಾವ-ಮೈದುನರು, ತೆಲಂಗಾಣದ ಪಟ್ಟಿಯಲ್ಲಿ 'ವಾಲ್ಮೀಕಿ ಬೋಯ'. ಎಸ್‌ಟಿ ಅಲ್ಲ, ಬಿಸಿ-ಎ. ಅದೇ ನಮೂದಿನಲ್ಲಿ ಬೋಯ, ಬೇಡರ್, ಕಿರಾತಕ, ನಿಷಾದಿ, ತಳಯಾರಿ ಎಲ್ಲ ಇವೆ. 2023ರ ಫೆಬ್ರವರಿಯಲ್ಲಿ ತೆಲಂಗಾಣ ವಿಧಾನಸಭೆ ಇವರನ್ನ ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ಕೇಂದ್ರಕ್ಕೆ ನಿರ್ಣಯ ಕಳಿಸಿತು. ಆದ್ರೆ ಪಟ್ಟಿ ಬದಲಿಸುವ ಅಧಿಕಾರ ಸಂಸತ್ತಿನದು. ಇನ್ನು ಮಹಾರಾಷ್ಟ್ರಕ್ಕೆ ಹೋಗಿ. ಅಲ್ಲಿ ಬೇರಡ್, ನಾಯಕವಾಡಿ, ತಳವಾರ, ವಾಲ್ಮೀಕಿ ಇರೋದು 'ವಿಮುಕ್ತ ಜಾತಿ' ಪಟ್ಟಿಯಲ್ಲಿ. ಏನಿಂದ ವಿಮುಕ್ತ? ಬ್ರಿಟಿಷರು ಹೊರಿಸಿದ ಅಪರಾಧಿ ಬುಡಕಟ್ಟು ಅನ್ನೋ ಹಣೆಪಟ್ಟಿಯಿಂದ. ಊರು ಕಾಯ್ತಿದ್ದ ತಳವಾರನ ಹತ್ಯಾರ ಕಿತ್ತುಕೊಂಡ ಮೇಲೆ, ಅವನ ಹೊಲ ಹೋದ ಮೇಲೆ, ಅವನನ್ನೇ ಕಳ್ಳ ಅಂತ ಬರೆದುಕೊಂಡರು. ಬೆಳಗಾವಿ ಪಕ್ಕದ ಯಮನಾಪುರದ ಭೀಮರಾವ್ ಗಸ್ತಿ ಅವರ ಮರಾಠಿ ಆತ್ಮಕಥೆ 'ಬೇರಡ್' ಓದಿ. ಎಲ್ಲೇ ಕಳ್ಳತನ ಆದರೂ ಪೊಲೀಸರು ಮೊದಲು ಬೇರಡರ ಕೇರಿಗೆ ನುಗ್ಗುತ್ತಿದ್ದ ದಿನಗಳ ಕಥೆ ಅದು. ರಷ್ಯಾದಲ್ಲಿ ಓದಿ ಬಂದ ಮನುಷ್ಯ, ದೇವದಾಸಿ ಪದ್ಧತಿ ವಿರುದ್ಧ ಜೀವನಪೂರ್ತಿ ದುಡಿದು 2017ರಲ್ಲಿ ತೀರಿಕೊಂಡರು.

ಒಂದೇ ಜನ. ಕರ್ನಾಟಕದಲ್ಲಿ ಬುಡಕಟ್ಟು, ತೆಲಂಗಾಣದಲ್ಲಿ ಹಿಂದುಳಿದ ವರ್ಗ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನದಿ ದಾಟಿದ್ರೆ ಮನುಷ್ಯನ ಡೇಟಾ ಟೈಪ್ ಬದಲಾಗ್ತದೆ.

ಬುಡಕಟ್ಟು ಅಂತ ತೀರ್ಮಾನ ಮಾಡೋದು ಹೇಗೆ? ಸರ್ಕಾರ ಇವತ್ತಿಗೂ ಬಳಸೋದು 1965ರ ಲೋಕೂರ್ ಸಮಿತಿಯ ಐದು ಲಕ್ಷಣ. ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರ ಜೊತೆ ಬೆರೆಯೋಕೆ ಸಂಕೋಚ, ಹಿಂದುಳಿದಿರುವಿಕೆ. ಈ ಚೆಕ್‌ಲಿಸ್ಟನ್ನ ಪಿಡ್ಡ ನಾಯಕನ ಮೇಲೆ ಓಡಿಸಿ ನೋಡಿ. ಔರಂಗಜೇಬನ ಜೊತೆ ಎರಡೂವರೆ ತಿಂಗಳು ಕಾದಾಡಿ, ನಡುವೆ ಸಂಧಿ ಮಾತಾಡಿ ಆಟ ಆಡಿಸಿದವನಿಗೆ ಬೆರೆಯೋಕೆ ಸಂಕೋಚ ಅಂತೀರಾ? ಚಿತ್ರ ಬರೆಸಿದ ಆಸ್ಥಾನಕ್ಕೆ ಆದಿಮ ಅಂತೀರಾ? ಹಾಗಂತ ಬೇಡರಿಗೆ ಮೀಸಲಾತಿ ಬೇಡವೇ ಅಂದ್ರೆ, ನನ್ನ ಉತ್ತರ ಬೇಕು. ದೊರೆಯ ಮನೆ ಒಂದೇ, ಅವನ ಹಿಂದೆ ಬಂದೂಕು ಹಿಡಿದು ನಡೆದವರ ಮನೆ ಸಾವಿರಾರು. ಆ ಮನೆಗಳಿಂದ ಹೊಲ ಹೋಯ್ತು, ಕಸುಬು ಹೋಯ್ತು, ಹೆಸರು ಕೆಟ್ಟಿತು. ಅಲ್ಲಿಂದ ಶಾಲೆಗೆ ಬರೋಕೆ ನೂರೈವತ್ತು ವರ್ಷ ಹಿಡೀತು. ಅದಕ್ಕೆ ಪರಿಹಾರ ಬೇಕು. ನನ್ನ ತಕರಾರು ಇರೋದು ಕಾರಣದ ಕಾಲಂನಲ್ಲಿ 'ಆದಿಮ' ಅಂತ ಬರೆಯೋದರ ಬಗ್ಗೆ.

ಇನ್ನೊಂದು ಕಡೆಯ ಮಾತನ್ನೂ ಹೇಳಲೇಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು ಸುಮಾರು 42 ಲಕ್ಷ. ಅದರಲ್ಲಿ ಮುಕ್ಕಾಲು ಭಾಗ ನಮ್ಮ ನಾಯಕ ನಮೂದಿನವರೇ. ಸೋಲಿಗರು, ಜೇನುಕುರುಬರು, ಕೊರಗರು ಉಳಿದ ಸಣ್ಣ ಪಾಲಿನಲ್ಲಿ ಬರ್ತಾರೆ. 2022ರಲ್ಲಿ ರಾಜ್ಯ ಮೀಸಲಾತಿ 3ರಿಂದ 7 ಪರ್ಸೆಂಟ್‌ಗೆ ಏರಿದಾಗ ನಮ್ಮ ಊರುಗಳಲ್ಲಿ ಪಟಾಕಿ ಹಾರಿತು. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿರುವ ಸೋಲಿಗರ ಹುಡುಗಿ ನನ್ನ ಮಗಳ ಜೊತೆ ಒಂದೇ ಪಟ್ಟಿಯಲ್ಲಿ ಸ್ಪರ್ಧೆ ಮಾಡಬೇಕು. ಇದು ಸರಿಯಾ ಅಂತ ಅವರು ಕೇಳಿದ್ರೆ, ನಾವು ಕಿವಿ ಮುಚ್ಚಿಕೊಳ್ಳೋದು ನ್ಯಾಯ ಅಲ್ಲ.

ಇಲ್ಲಿ ಕೂತಿರುವ ನಮಗೆ ಇದು ಯಾಕೆ ಮುಖ್ಯ

ವಲಸೆ ಬಂದ ನಮ್ಮಂಥವರಿಗೆ ಒಂದು ಪ್ರಾಕ್ಟಿಕಲ್ ವಿಷಯ. ಪರಿಶಿಷ್ಟ ಪಂಗಡ ಅನ್ನೋದು ರಾಜ್ಯಕ್ಕೆ ಅಂಟಿದ ಗುರುತು, ಮನುಷ್ಯನಿಗೆ ಅಂಟಿದ್ದಲ್ಲ. 1990ರ ಮರ್ರಿ ಚಂದ್ರಶೇಖರ ರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಆಂಧ್ರದಲ್ಲಿ ಎಸ್‌ಟಿ ಆಗಿದ್ದ ಕುಟುಂಬದ ಹುಡುಗ ಮುಂಬೈಯಲ್ಲಿ ಬೆಳೆದು ಮೆಡಿಕಲ್ ಸೀಟು ಕೇಳಿದ್ದ. ಬೇರೆ ರಾಜ್ಯಕ್ಕೆ ಹೋದಾಗ ಆ ಗುರುತು ಜೊತೆಗೆ ಬರಲ್ಲ ಅಂತ ತೀರ್ಪು. ಅಂದ್ರೆ ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೆ ತೆಲಂಗಾಣದ ರಾಜ್ಯ ಕೋಟಾದಲ್ಲಿ ಎಸ್‌ಟಿ ಜಾಗ ಇಲ್ಲ. ಐಐಟಿಯಂಥ ಕೇಂದ್ರದ ಸಂಸ್ಥೆಗಳಲ್ಲಿ ಅಪ್ಪನ ಊರಿನ ಮೂಲದ ಸರ್ಟಿಫಿಕೇಟು ನಡೀತದೆ. ಕೆಲವರು ಮಕ್ಕಳು ಹನ್ನೊಂದನೇ ಕ್ಲಾಸಿಗೆ ಬಂದಾಗ ಇದನ್ನ ತಿಳ್ಕೊಳ್ತಾರೆ, ಆಗ ಊರಿನ ದಾಖಲೆಗಾಗಿ ಓಡಾಟ ಶುರು. ಅಪ್ಪ, ಅಜ್ಜನ ಶಾಲೆಯ ದಾಖಲೆಯಲ್ಲಿ ಜಾತಿ ಕಾಲಂನಲ್ಲಿ ಏನು ಬರೆದಿದೆ ಅಂತ ಈಗಲೇ ನೋಡಿ. ನಾಯಕ ಅಂತಲೋ, ಬೇಡರ್ ಅಂತಲೋ, ತಳವಾರ ಅಂತಲೋ. ಒಂದು ಪದದ ವ್ಯತ್ಯಾಸಕ್ಕೆ ಫೈಲು ವರ್ಷಗಟ್ಟಲೆ ನಿಲ್ಲಬಹುದು.

ಆದ್ರೆ ಬರೀ ಸರ್ಟಿಫಿಕೇಟಿಗಾಗಿ ನಾನು ಇಷ್ಟೊತ್ತು ಮಾತಾಡಲಿಲ್ಲ. ಕಲ್ಲಿನಲ್ಲಿ ಪಂಡರಂಗ ಬರೆಸಿದ. ಪರ್ಷಿಯನ್‌ನಲ್ಲಿ ಮೊಘಲರು ಬರೆದರು. ಇಂಗ್ಲಿಷಿನಲ್ಲಿ ಟೇಲರ್ ಬರೆದ, ಲಾವಣಿಯನ್ನೂ ಫ್ಲೀಟ್ ಬರೆದುಕೊಳ್ಳಬೇಕಾಯ್ತು. ಕೊನೆಗೆ ಗೆಜೆಟ್ಟಿನಲ್ಲಿ ಮೂರು ಸರ್ಕಾರಗಳು ಬರೆದವು. ಸಾವಿರ ವರ್ಷ ನಮ್ಮನ್ನ ಬೇರೆಯವರೇ ಬರೆದಿದ್ದಾರೆ. ಓದು ಕಲಿತ ಮೊದಲೆರಡು ತಲೆಮಾರು ನಾವು. ನಿಮ್ಮ ಜಾತಿ ಯಾವುದೇ ಇರಲಿ, ಊರಿಗೆ ಹೋದಾಗ ಅಜ್ಜಿಯ ಹತ್ತಿರ ಫೋನ್ ಆನ್ ಮಾಡಿ ಒಂದು ಗಂಟೆ ಕೂರಿ. ಬೆಡಗು ಯಾವುದು, ಮನೆದೇವರು ಎಲ್ಲಿ, ಯಾವ ಊರಿಂದ ಯಾಕೆ ಎದ್ದು ಬಂದ್ರು, ಯಾರ ಮನೆಗೆ ಹೆಣ್ಣು ಕೊಡಲ್ಲ, ಯಾಕೆ ಕೊಡಲ್ಲ ಅಂತ ಕೇಳಿ. ಅವರು ಹೇಳೋದು ಪೂರ್ತಿ ನಿಜ ಇರಬೇಕಾಗಿಲ್ಲ. ಟೇಲರ್ ಹೇಳಿದ್ದೂ ಪೂರ್ತಿ ನಿಜ ಇರಬೇಕಾಗಿಲ್ಲವಲ್ಲ. ಆದ್ರೆ ಅದು ನಮ್ಮ ಬಾಯಿಂದ ಬಂದ ದಾಖಲೆ ಆಗ್ತದೆ.

ಮಳೆಗಾಲ ಮುಗಿದ ಮೇಲೆ ವಾಗಣಗೇರಿ, ಸುರಪುರ, ರಾಜನಕೋಳೂರಿಗೆ ಒಂದು ಟ್ರಿಪ್ ಹಾಕೋಣ ಅಂತಿದ್ದೀವಿ. ಶನಿವಾರ ಬೆಳಿಗ್ಗೆ ಹೊರಟರೆ ಭಾನುವಾರ ರಾತ್ರಿ ವಾಪಸ್, ಸೋಮವಾರದ ಸ್ಟ್ಯಾಂಡ್‌ಅಪ್ ಮಿಸ್ ಆಗಲ್ಲ. ಬರೋರು ಹೆಸರು ಕೊಡಿ. ಈಗ ಪ್ರಶ್ನೆಗಳಿದ್ದರೆ ಕೇಳಿ.